ಬಿ.ಜಿ. ಕೆರೆಯಿಂದ ಬ್ರಹ್ಮಗಿರಿಗೆ: ಬೇವು ಹೂಬಿಡುವ ಕಾಲದ ಒಂದು ನಡಿಗೆ

ವಸಂತ ಎಂದರೆ ನಮಗೆ ನೆನಪಾಗುವುದು ಮಾವಿನ ಚಿಗುರು, ಕೋಗಿಲೆ, ತಂಗಾಳಿ. ಪಠ್ಯಪುಸ್ತಕದ ಪದ್ಯಗಳಲ್ಲಿ ಓದಿ ಓದಿ ವಸಂತಕ್ಕೆ ಮಲೆನಾಡಿನ ಮುಖವನ್ನೇ ಅಂಟಿಸಿಬಿಟ್ಟಿದ್ದೇವೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ವಸಂತವೇ ಬೇರೆ. ಇಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಗುಡ್ಡ ಕಾದ ಕಬ್ಬಿಣದಂತಿರುತ್ತದೆ. ಅಂಥ ಹೊತ್ತಿನಲ್ಲೇ ಬೇವು ಹೂಬಿಡುತ್ತದೆ, ಹೊಂಗೆ ಹೊಸ ಎಲೆ ತಳೆಯುತ್ತದೆ. ನೀರಿಲ್ಲದ ನೆಲದಲ್ಲಿ ಚಿಗುರುವ ಈ ಮೊಂಡುತನವನ್ನು ನೋಡಬೇಕೆಂದರೆ ನಡೆದೇ ನೋಡಬೇಕು.

ಯುಗಾದಿಗೆ ಇನ್ನು ನಾಲ್ಕೇ ದಿನವಿದ್ದಾಗ ನಾನು, ನನ್ನ ಮಗ ಹೀಗೊಂದು ನಡಿಗೆಗೆ ಹೊರಟೆವು. ಹೊರಡಲು ಕಾರಣವಿತ್ತು. ಅವನ ದ್ವಿತೀಯ ಪಿಯುಸಿ ಪರೀಕ್ಷೆ ಅದೇ ವಾರ ಮುಗಿದಿತ್ತು. ಭೌತಶಾಸ್ತ್ರದ ದಿನ ಮನೆಗೆ ಬಂದವನು ಚೀಲ ಮೂಲೆಗೆಸೆದು, "ಹೋಯ್ತು" ಎಂದಷ್ಟೇ ಹೇಳಿ ಮಲಗಿದ್ದ. ನಾನು ಆಡಬಾರದ ನಾಲ್ಕು ಮಾತು ಆಡಿದ್ದೆ. ಅಂದಿನಿಂದ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. "ಇಬ್ಬರೂ ಎಲ್ಲಾದರೂ ಹೋಗಿ ಬನ್ನಿ, ಮನೆಯೊಳಗೆ ಉಸಿರು ಕಟ್ಟುತ್ತೆ" ಎಂದಳು ನನ್ನ ಹೆಂಡತಿ. ಹುಟ್ಟಿದ ಸೀಮೆಯ ನೆನಪು ನನಗಿತ್ತು. ಬರುವುದಿಲ್ಲ ಎನ್ನುವ ಚೈತನ್ಯವೂ ಅವನಿಗಿರಲಿಲ್ಲ.

ಬಸ್ಸಿನ ಕಿಟಕಿ

ಚಳ್ಳಕೆರೆಯಲ್ಲಿ ಬಳ್ಳಾರಿ ಕಡೆಯ ಮುಂಜಾನೆಯ ಬಸ್ಸು ಹತ್ತಿದೆವು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಸುತ್ತಲಿನ ಹಳ್ಳಿಗಳ ಶೇಂಗಾ ಇಲ್ಲಿಗೆ ಬಂದು ಎಣ್ಣೆಯಾಗುತ್ತದೆ. ಊರು ದಾಟಿದ ಮೇಲೆ ಎರಡೂ ಬದಿಗೆ ಬಯಲು. ಅಲ್ಲಲ್ಲಿ ಬಳ್ಳಾರಿ ಜಾಲಿ, ದೂರದ ಗುಡ್ಡಗಳ ಮೇಲೆ ನಿಧಾನ ತಿರುಗುವ ಗಾಳಿ ಗಿರಣಿ.

ಎಡಗಡೆಯ ಬಯಲು ತೋರಿಸಿ ನಾನು, "ಆ ಕಡೆ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇದೆ" ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನು ಮುಖವನ್ನು ಕಿಟಕಿಯ ಕಡೆಗೆ ಇನ್ನಷ್ಟು ತಿರುಗಿಸಿಕೊಂಡ. ಕೆಲವು ಮಾತುಗಳಿಗೆ ಒಳ್ಳೆಯ ಮನಸ್ಸಿದ್ದರೆ ಸಾಲದು, ಹೊತ್ತೂ ಒಳ್ಳೆಯದಿರಬೇಕು.

ತಳಕು ಬಂತು. ಹೆದ್ದಾರಿಯ ಬದಿಯ ಸಾಧಾರಣ ಊರು. ಇದರ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತು ನಡೆದವರು ಟಿ.ಎಸ್. ವೆಂಕಣ್ಣಯ್ಯನವರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ತ.ರಾ.ಸು. ಅವರ ಹೆಸರಿನ ಮೊದಲಕ್ಷರವೂ ಇದೇ ತಳಕು. ಮಳೆ ಕಡಿಮೆಯಾದ ಊರುಗಳಲ್ಲಿ ಅಕ್ಷರದ ಬೆಳೆ ಕಡಿಮೆಯಾಗಬೇಕೆಂದೇನೂ ಇಲ್ಲ. ಇದನ್ನೂ ಮಗನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

ಕೆರೆ ಎಂಬ ಹೆಸರು

ಬಿ.ಜಿ. ಕೆರೆಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಬೊಮ್ಮಗೊಂಡನಕೆರೆ ಎಂಬ ಉದ್ದ ಹೆಸರು ಬಸ್ಸಿನ ಬೋರ್ಡುಗಳಲ್ಲಿ ಎರಡಕ್ಷರಕ್ಕೆ ಇಳಿದಿದೆ. ಹೆದ್ದಾರಿ ಬದಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ತಿಂದು, ಎರಡು ಬಾಟಲಿ ನೀರು ತುಂಬಿಸಿಕೊಂಡು ಊರಾಚೆಯ ಕಾಲುದಾರಿ ಹಿಡಿದೆವು.

ಈ ಸೀಮೆಯಲ್ಲಿ ಊರಿನ ಹೆಸರಿನ ಕೊನೆಗೆ 'ಕೆರೆ' ಇದ್ದರೆ ಅದು ಅಲಂಕಾರವಲ್ಲ, ಬದುಕಿನ ಷರತ್ತು. ವರ್ಷಕ್ಕೆ ಸರಾಸರಿ 500 ಮಿಲಿ ಮೀಟರ್ ಆಸುಪಾಸಿನ ಮಳೆ. ಅದೂ ಒಂದೆರಡು ತಿಂಗಳಲ್ಲಿ, ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ನೀರನ್ನು ತಡೆದು, ತೂಬಿನಿಂದ ಬೇಕಾದಷ್ಟು ಬಿಟ್ಟು, ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಮುಂದಿನ ಊರಿನ ಕೆರೆಗೆ ಸೇರುವಂತೆ ಹಿಂದಿನವರು ಏರ್ಪಾಟು ಮಾಡಿದರು. ಕೆರೆಯಲ್ಲಿ ನಿಂತ ನೀರು ಕೆಳಗಿನ ಗದ್ದೆಗೆ ಮಾತ್ರವಲ್ಲ, ಇಂಗಿ ಸುತ್ತಲಿನ ಬಾವಿಗೂ ಬರುತ್ತದೆ. ಕೆರೆ ತುಂಬಿತೆಂದರೆ ಬಾವಿ ತುಂಬಿತು ಎಂದೇ ಲೆಕ್ಕ.

ಸಮೀಪದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಇಂದಿಗೂ ಈ ಸೀಮೆಯ ಮನೆಮನೆಯ ದೈವ. ಅವರನ್ನು ಜನ ನೆನೆಯುವುದು ಪವಾಡಗಳಿಗಾಗಿ ಎಷ್ಟೋ, ಕೆರೆ ಕಟ್ಟಿಸಿದ್ದಕ್ಕಾಗಿಯೂ ಅಷ್ಟೇ. ದುಡಿದವನಿಗೆ ದುಡಿದಷ್ಟು ಕೂಲಿ ಎಂದು ಕೆರೆ ಕೆಲಸದಲ್ಲಿ ಅವರು ಕೊಟ್ಟರೆಂಬ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಫಾಲ್ಗುಣದ ಅವರ ರಥೋತ್ಸವ ಮುಗಿದು ಕೆಲವೇ ದಿನಗಳಾಗಿದ್ದವು.

ಹೂ ಮೇಲೆ, ಕಾಯಿ ಕೆಳಗೆ

ದಾರಿಯ ಎರಡೂ ಬದಿಗೆ ಶೇಂಗಾ ಹೊಲಗಳು. ಈಗ ಬರಿ ಮಣ್ಣು. ಜೂನ್, ಜುಲೈನಲ್ಲಿ ಬಿತ್ತಿ ದೀಪಾವಳಿಯ ಹೊತ್ತಿಗೆ ಕಿತ್ತ ಮೇಲೆ ಮುಂದಿನ ಮಳೆಯವರೆಗೆ ಈ ಕೆಂಪು ಹೊಲಗಳು ಹೀಗೇ ಆಕಾಶ ನೋಡುತ್ತ ಮಲಗಿರುತ್ತವೆ. ಅಲ್ಲಲ್ಲಿ ಕೊಳವೆಬಾವಿ ಇದ್ದವರ ತೋಟ ಮಾತ್ರ ಹಸಿರು. ದಾಳಿಂಬೆ, ಈರುಳ್ಳಿ, ಒಂದೆರಡು ಕಡೆ ಅಡಿಕೆ ಸಸಿ ಕೂಡ.

ಒಂದು ಹೊಲದಲ್ಲಿ ಕುರಿಮಂದೆ ತರುಬಿದ್ದರು. ರಾತ್ರಿಯಿಡೀ ಮಂದೆ ಹೊಲದಲ್ಲಿ ಮಲಗಿದರೆ ಗೊಬ್ಬರ ತಾನಾಗಿ ಬೀಳುತ್ತದೆ. ಅದಕ್ಕೆ ಹೊಲದವರು ಕುರಿಗಾರರಿಗೆ ಕಾಳೋ ಹಣವೋ ಕೊಡುತ್ತಾರೆ. ಕಂಬಳಿ ಹೊದ್ದ ಹಿರಿಯರೊಬ್ಬರು ಬಲೆ ಸುತ್ತುತ್ತಿದ್ದರು. ನಮ್ಮನ್ನು ಕಂಡು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಮಾತಾಡಿಸಿದರು. ರಾಯದುರ್ಗ ಇಲ್ಲಿಂದ ಬಹಳ ದೂರವಿಲ್ಲ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

"ಈ ಸಾರಿ ಶೇಂಗಾ ಹೆಂಗಾತು?" ಎಂದೆ.

"ಗಿಡ ಚಲೋ ಬಂದಿತ್ತು ಸ್ವಾಮಿ. ಊಡು ಇಳಿಯೋ ಹೊತ್ತಿಗೆ ಮಳಿ ಕೈಕೊಡ್ತು" ಎಂದರು.

ಮಗ ಅಂದು ಮೊದಲ ಬಾರಿಗೆ ಬಾಯಿ ಬಿಟ್ಟ. "ಊಡು ಅಂದ್ರೆ?"

ಮುದುಕರು ಕೋಲಿನಿಂದ ನೆಲದಲ್ಲಿ ಗೆರೆ ಎಳೆದು ತೋರಿಸಿದರು. ಶೇಂಗಾ ಹೂ ಬಿಡುವುದು ನೆಲದ ಮೇಲೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಬಾಗಿ ಮಣ್ಣಿಗಿಳಿಯುತ್ತದೆ. ಆ ಎಳೆಯ ತುದಿಯೇ ಕತ್ತಲೆಯಲ್ಲಿ ಕಾಯಿಯಾಗುವುದು. ಆ ಎರಡು ಮೂರು ವಾರ ನೆಲದಲ್ಲಿ ಹಸಿ ಇಲ್ಲದಿದ್ದರೆ ಮಣ್ಣು ಗಟ್ಟಿಯಾಗಿ ಸೂಜಿ ಒಳಗಿಳಿಯುವುದಿಲ್ಲ. ಮೇಲೆ ಗಿಡ ಹಸಿರಾಗಿಯೇ ಇರುತ್ತದೆ, ಕೆಳಗೆ ಕಾಯಿಯಿರುವುದಿಲ್ಲ. "ನೋಡಿದೋರು ಬೆಳಿ ಐತಿ ಅಂತಾರೆ. ಕಿತ್ತೋನಿಗೇ ಗೊತ್ತು" ಎಂದರು ಮುದುಕರು.

"ಮುಂದೇನು ಮಾಡ್ತೀರಿ?" ಎಂದ ಮಗ.

"ಮಾಡೋದೇನು? ಮತ್ತೆ ಬಿತ್ತೋದು."

ಆ ಮಾತಿನಲ್ಲಿ ಧೈರ್ಯವೂ ಇರಲಿಲ್ಲ, ದುಃಖವೂ ಇರಲಿಲ್ಲ. ನಾಳೆ ಬೆಳಗಾಗುತ್ತದೆ ಎನ್ನುವಂತೆ ಹೇಳಿದರು. ಅವರಿಗೆ ಬೇರೊಂದು ಚಿಂತೆಯಿತ್ತು. ಹಿಂದೆ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಚಳ್ಳಕೆರೆ ಕಡೆಯ ಕಾವಲುಗಳಿಗೆ ಈಗ ಗೋಡೆ ಬಂದಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲಿನ ಸಾವಿರಾರು ಎಕರೆಯನ್ನು 2009ರಿಂದೀಚೆಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಅಲ್ಲಿ ದೇಶಕ್ಕೆ ಬೇಕಾದ ಕೆಲಸ ನಡೆಯುತ್ತಿದೆ, ನಿಜ. ಬೆಳಿಗ್ಗೆ ಬಸ್ಸಿನಿಂದ ನಾನು ಹೆಮ್ಮೆಯಿಂದ ಕೈ ತೋರಿಸಿದ್ದು ಅದೇ ಕಡೆಗೆ. ಅದೇ ಬಯಲು ಈ ಮುದುಕರಿಗೆ ಬೇಸಿಗೆಯ ಮೇವು ಎನ್ನುವುದು ನನಗೆ ಆಗ ಹೊಳೆದಿರಲಿಲ್ಲ. ಮಗ ನನ್ನ ಮುಖ ನೋಡಿದ. ನಾನು ಕುರಿಗಳನ್ನು ನೋಡಿದೆ.

ಕುರುಚಲು ಕಾಡಿನಲ್ಲಿ

ಹೊಲ ಮುಗಿದಲ್ಲಿ ಗುಡ್ಡದ ಬುಡ. ಕಾಡು ಎಂದರೆ ಕತ್ತಲೆಯಾಗಿರಬೇಕು ಎಂದುಕೊಂಡವರಿಗೆ ಇದು ಕಾಡೆನಿಸದು. ತಂಗಡಿ, ಬಂದರಿಕೆ, ಕಾರೆ, ಕವಳೆ, ಎಲೆಯುದುರಿದ ಸೀತಾಫಲ, ನಡುವೆ ಗುಂಡುಕಲ್ಲುಗಳು. ಆದರೆ ಅರ್ಧ ಗಂಟೆ ಸುಮ್ಮನೆ ಕುಳಿತರೆ ಈ ಕಾಡು ಮಾತಾಡತೊಡಗುತ್ತದೆ. ಎಲ್ಲೋ ಗೌಜಲಹಕ್ಕಿ ಕೂಗಿತು. ಮತ್ತೊಂದು ಗುಡ್ಡದಿಂದ ಅದಕ್ಕೆ ಉತ್ತರ ಬಂತು. ಬೋಳು ಕೊಂಬೆಯೊಂದರ ತುದಿಯಲ್ಲಿ ಕಾಜಾಣ ಕುಳಿತು ಹುಳ ಹಿಡಿದು ಮತ್ತೆ ಅಲ್ಲಿಗೇ ಬರುತ್ತಿತ್ತು. ಕಣಿವೆಯಂಥ ಇಳಿಜಾರಿನಲ್ಲಿ ಒಂದೇ ಒಂದು ಮುತ್ತುಗದ ಮರ, ಮೈತುಂಬ ಕೆಂಡದ ಹೂ.

ಈ ಸೀಮೆಯ ನಿಜವಾದ ಗಟ್ಟಿಗ ಎಂದರೆ ಕಮರ. ಚಿತ್ರದುರ್ಗ, ಬಳ್ಳಾರಿ, ತುಮಕೂರು ಕಡೆಯ ಒಣ ಕಾಡುಗಳಲ್ಲಿ ತಾನಾಗಿ ಬೆಳೆಯುವ ಮರ. ಭಾರತದ ಅತಿ ಭಾರದ, ಅತಿ ಗಟ್ಟಿ ಮರಗಳಲ್ಲಿ ಇದೂ ಒಂದು. ಇದರ ಎಲೆ ನೋಡಲು ಪುಟ್ಟ ಚಿಟ್ಟೆಯಂತೆ, ಎರಡು ರೆಕ್ಕೆ ಜೋಡಿಸಿದ ಹಾಗೆ. ಎಲೆ ದನಕುರಿಗೆ ಮೇವು, ತೊಗಟೆಯ ನಾರು ಹಗ್ಗಕ್ಕೆ. ಬೇಸಿಗೆ ಏರುವ ಹೊತ್ತಿಗೆ ಇದು ನಸುಗೆಂಪು ಚಿಗುರು ತಳೆಯುತ್ತದೆ. ಮೊದಲ ವರ್ಷಗಳಲ್ಲಿ ಕಮರದ ಸಸಿ ನೆಲದ ಮೇಲೆ ಬೆಳೆಯುವುದು ಅಷ್ಟಕ್ಕಷ್ಟೆ, ತಾಯಿಬೇರನ್ನು ಆಳಕ್ಕಿಳಿಸುವುದರಲ್ಲೇ ಅದರ ಶಕ್ತಿಯೆಲ್ಲ ಖರ್ಚು. ಮೇಲಿನಿಂದ ನೋಡುವವರಿಗೆ 'ಈ ಗಿಡ ಏಳುವುದಿಲ್ಲ' ಅನಿಸಬೇಕು. ಅಪ್ಪಂದಿರು ನೋಡಬೇಕಾದ ಮರ ಇದು ಎಂದುಕೊಂಡೆ.

ಇಂಥ ಗುಡ್ಡಗಳಲ್ಲಿ ಕರಡಿಯ ಓಡಾಟವೂ ಇದೆ. ಪಕ್ಕದ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಗಳಿಗಾಗಿಯೇ ಅಭಯಾರಣ್ಯವಿದೆ. ಆದ್ದರಿಂದ ಊರವರನ್ನು ಕೇಳದೆ, ಮುಂಜಾನೆಯ ಮಬ್ಬಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಗುಡ್ಡ ಹತ್ತುವ ಸಾಹಸ ಬೇಡ. ನಾವು ಒಂಬತ್ತು ಗಂಟೆಗೆ ಹತ್ತಿ, ಹನ್ನೊಂದಕ್ಕೆ ಇಳಿದೆವು. ಇಳಿಯುವಾಗ ಬೇವಿನ ಮರದ ಕೆಳಗೆ ನೆಲವೆಲ್ಲ ಬಿಳಿ ಹೂ. ಮಗ ಒಂದು ಗೊಂಚಲು ಕಿತ್ತು ಮೂಸಿದ. ಎಲೆ ಅಷ್ಟು ಕಹಿ, ಹೂವಿಗೆ ಮಾತ್ರ ಜೇನಿನ ವಾಸನೆ. ಯುಗಾದಿಯ ಬೇವು ಬೆಲ್ಲದಲ್ಲಿ ಬೆಲ್ಲ ಸೇರುವ ಮೊದಲೇ ಅಷ್ಟು ಸಿಹಿ ಬೇವಿನಲ್ಲೇ ಇರುತ್ತದೆ.

ಕಣಿವೆಯ ಊರು

ಮಧ್ಯಾಹ್ನದ ಬಿಸಿಲಲ್ಲಿ ನಡೆಯುವಂತಿರಲಿಲ್ಲ. ಬಸ್ಸು ಹಿಡಿದು ಹಾನಗಲ್ ಮೂಲಕ ಮೊಳಕಾಲ್ಮುರಿಗೆ ಹೋದೆವು. ರೇಷ್ಮೆ ಸೀರೆಯ ಊರು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಊಟ ಮುಗಿಸಿ, ಬಿಸಿಲು ಬಾಗುವವರೆಗೆ ಬಸ್ ನಿಲ್ದಾಣದ ನೆರಳಿನಲ್ಲಿ ಕುಳಿತು, ಸಂಜೆಯ ಮುಂಚೆ ಸಿದ್ದಾಪುರದ ಕಡೆಗೆ ಆಟೋ ಹಿಡಿದೆವು.

ಇಲ್ಲಿ ನೆಲ ತಗ್ಗಿಗಿಳಿಯುತ್ತದೆ. ಒಂದು ಕಡೆ ಬ್ರಹ್ಮಗಿರಿಯ ಬಂಡೆಗಳು, ಇನ್ನೊಂದು ಕಡೆ ಜಟಿಂಗ ರಾಮೇಶ್ವರ ಬೆಟ್ಟ. ನಡುವಿನ ಬಯಲಿನಲ್ಲಿ ಚಿನ್ನಹಗರಿ ಎಂದೂ ಜನಗಿಹಳ್ಳ ಎಂದೂ ಕರೆಯುವ ಹೊಳೆ. ಮಾರ್ಚಿನಲ್ಲಿ ಅದು ಬರಿಯ ಮರಳು. ರಾವಣನೊಡನೆ ಕಾದಾಡಿ ಜಟಾಯು ಬಿದ್ದದ್ದು ಜಟಿಂಗ ರಾಮೇಶ್ವರದಲ್ಲಿ ಎಂದು ಸ್ಥಳಪುರಾಣ. ಆದರೆ ಈ ಕಣಿವೆಯನ್ನು ಪ್ರಪಂಚಕ್ಕೆ ಪರಿಚಯಿಸಿದ್ದು ಪುರಾಣವಲ್ಲ, ಮೂರು ಬಂಡೆಗಳು. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು: ಬ್ರಹ್ಮಗಿರಿಯಲ್ಲಿ ಒಂದು, ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರದಲ್ಲಿ ಒಂದು. ಮೌರ್ಯರ ಆಳ್ವಿಕೆ ಕನ್ನಡ ನಾಡಿನ ಒಳಗಿನವರೆಗೆ ಹಬ್ಬಿತ್ತೆಂದು ಆಗ ಸಾಬೀತಾಯಿತು. ಅಲ್ಲಿಯವರೆಗೆ ಜನ ಈ ಬಂಡೆಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಾದ್ದರಿಂದ.

ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿ ದೊಡ್ಡ ಕಲ್ಲುಗಳ ಗೋರಿ ಕಟ್ಟಿದವರು, ಅದರ ಮೇಲೆ ಇತಿಹಾಸ ಕಾಲದವರು. ದಕ್ಷಿಣ ಭಾರತದ ಪ್ರಾಚೀನ ಕಾಲಮಾನವನ್ನು ಜೋಡಿಸಲು ಈ ಹಳ್ಳಿಯ ಮಣ್ಣಿನ ಪದರಗಳು ಏಣಿಯಾದವು. ನಾವು ನಡೆಯುತ್ತಿದ್ದ ದಾರಿಯ ಕೆಳಗೆ ಮೂರು ಕಾಲದ ಊರುಗಳು ಮಲಗಿದ್ದವು.

ಚಪಡನ ಸಹಿ

ಅಕ್ಷರಗುಂಡಿಗೆ ಈಗ ಮಾಡು ಕಟ್ಟಿ ರಕ್ಷಣೆ ಕೊಟ್ಟಿದ್ದಾರೆ. ಬಂಡೆ ಎಂದರೆ ಎದ್ದು ನಿಂತ ಗೋಡೆಯಲ್ಲ, ನೆಲಕ್ಕೊರಗಿದ ಗುಂಡು. ಅದರ ಮೇಲೆ ಬ್ರಾಹ್ಮಿ ಲಿಪಿಯ ಸಾಲುಗಳು, ಭಾಷೆ ಪ್ರಾಕೃತ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ಕಳಿಸಿದ ಆಜ್ಞೆ. ಇಸಿಲ ಎಂದರೆ ಈ ಊರೇ. ಅದು ಕನ್ನಡದ್ದೇ ಪದವಿರಬೇಕು ಎಂದು ಡಿ.ಎಲ್. ನರಸಿಂಹಾಚಾರ್ಯರು ಸೂಚಿಸಿದ್ದರು. ಶಾಸನದಲ್ಲಿ 256 ಎಂಬ ಸಂಖ್ಯೆಯೂ ಇದೆ. ಅದರ ಅರ್ಥದ ಬಗ್ಗೆ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎನ್ನುವವರು ಹೆಚ್ಚು.

ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ನಾನು ಶಾಸನದ ಸಾರ ಹೇಳತೊಡಗಿದೆ. ತಂದೆತಾಯಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಮೊದಲನೆಯದನ್ನು ಹೇಳುವಾಗ ನನ್ನ ದನಿ ತುಸು ಏರಿದ್ದಿರಬೇಕು. ಮಗ ಮೆಲ್ಲಗೆ, "ಅಷ್ಟೇನಾ ಇರೋದು?" ಎಂದ.

ಅಷ್ಟೇ ಅಲ್ಲ. ಆ ಮಾತುಗಳು ಬರುವುದು ಶಾಸನದ ಕೊನೆಯ ಭಾಗದಲ್ಲಿ. ಮೊದಲ ಭಾಗದಲ್ಲಿ ಚಕ್ರವರ್ತಿ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ತಾನು ಸರಿಯಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆ, ಒಂದು ವರ್ಷದಿಂದೀಚೆಗೆ, ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎನ್ನುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವನೂ ಶ್ರಮಿಸಿದರೆ ಪಡೆಯಬಲ್ಲ ಎನ್ನುತ್ತಾನೆ.

ಇದನ್ನು ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿ ಇಳಿಯಿತು. ಇಡೀ ದೇಶವನ್ನಾಳುತ್ತಿದ್ದವನು 'ಒಂದು ವರ್ಷ ನಾನು ಸರಿಯಾಗಿ ಓದಲಿಲ್ಲ' ಎಂಬಂಥ ಮಾತನ್ನು ಬಂಡೆಯ ಮೇಲೆ ಕೆತ್ತಿಸಿ, ಎಲ್ಲರೂ ಓದಲೆಂದು ಬಿಟ್ಟಿದ್ದಾನೆ. 2,200 ವರ್ಷಕ್ಕೂ ಮಿಗಿಲಾಗಿ ಅದು ಹಾಗೇ ಇದೆ. ನಾನು ಮಗನೆದುರು ನನ್ನ ಒಂದು ತಪ್ಪನ್ನಾದರೂ ಎಂದಾದರೂ ಒಪ್ಪಿಕೊಂಡಿದ್ದೆನೇ?

"ನಾನು ಫಸ್ಟ್ ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿದ್ದೆ" ಎಂದೆ.

ಅವನು ಬಂಡೆ ಬಿಟ್ಟು ನನ್ನ ಕಡೆ ತಿರುಗಿದ. "ಅಜ್ಜ ಏನಂದ್ರು?"

"ನಿನಗೆ ನಾನು ಅಂದದ್ದನ್ನೇ."

ಅವನಿಗೆ ನಗು ಬಂತು. ಹತ್ತು ದಿನಗಳಲ್ಲಿ ಮೊದಲ ನಗು.

ಆಮೇಲೆ ಅವನಿಗೆ ಶಾಸನದ ಕೊನೆ ತೋರಿಸಿದೆ. ಅಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂದು ಹೇಳುವ ಕೊನೆಯ ಪದವನ್ನು ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ದೂರದ ಗಾಂಧಾರದ ಕಡೆ. ಆತ ಅಲ್ಲಿಂದ ಬಂದವನೋ, ಅಥವಾ ಎರಡೂ ಲಿಪಿ ಬಲ್ಲೆನೆಂಬ ಹೆಮ್ಮೆಯೋ, ಈ ಕಣಿವೆಯಲ್ಲಿ ಓದಲು ಯಾರಿಗೂ ಬಾರದ ಅಕ್ಷರದಲ್ಲಿ ಒಬ್ಬ ಗುಮಾಸ್ತ ಸಹಿ ಮಾಡಿಟ್ಟು ಹೋದ.

"ಉತ್ತರ ಪತ್ರಿಕೆಯಲ್ಲಿ ಹೆಸರು ಬರೀಬಾರದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ" ಎಂದ ಮಗ.

ಹೊತ್ತು ಮುಳುಗುವಾಗ

ಊರಿನೊಳಗೆ ಬಂದಾಗ ದನಗಳು ಮನೆ ಸೇರುತ್ತಿದ್ದವು. ಕಟ್ಟೆಯ ಮೇಲೆ ಹೆಂಗಸರು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ನೀರು ಕೇಳಿದರೆ ಮಜ್ಜಿಗೆ ಕೊಟ್ಟರು. ಶಾಲೆಯ ಹುಡುಗರು ಇಬ್ಬರು ನಮ್ಮ ಜೊತೆ ರಸ್ತೆಯವರೆಗೆ ಬಂದರು. "ಅಶೋಕನ ಕಲ್ಲು ನೋಡಿದ್ರಾ? ನಮ್ಮೂರಿಂದು" ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಡಿದರು.

ರಾತ್ರಿಯ ಬಸ್ಸಿನಲ್ಲಿ ಮಗ ಬೇವಿನ ಗೊಂಚಲನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದ. ಬಾಡಿತ್ತು. ಬಿ.ಜಿ. ಕೆರೆಯ ದೀಪಗಳು ಹಿಂದೆ ಸರಿದ ಮೇಲೆ ಅವನೇ ಮಾತು ತೆಗೆದ: "ಫೇಲಾದ್ರೆ ಎರಡನೇ ಪರೀಕ್ಷೆ ಇದೆ. ಬರೀತೀನಿ. ಆದ್ರೆ ಫಿಸಿಕ್ಸ್ ನನಗೆ ಇಷ್ಟ ಇಲ್ಲಪ್ಪ. ಸುಮ್ಮನೆ ತಗೊಂಡಿದ್ದು, ನೀನು ಹೇಳಿದೆ ಅಂತ." ಸತ್ಯವನ್ನೇ ನುಡಿಯಬೇಕು ಎಂದು ಬಂಡೆಯ ಮುಂದೆ ನಿಂತು ಹೇಳಿದವನು ನಾನೇ. ಈಗ ಕೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು. "ಮನೆಗೆ ಹೋಗಿ ಮಾತಾಡೋಣ" ಎಂದೆ. ಮಾತಾಡಿದೆವು ಕೂಡ. ಅದು ಬೇರೆ ಕತೆ.

ನೀವೂ ಹೋಗುವುದಾದರೆ ಬಿಸಿಲೇರುವ ಮುನ್ನ ನಡೆಯಲು ಶುರು ಮಾಡಿ. ಟೋಪಿ, ನೀರು, ಒಂದಿಷ್ಟು ಬೆಲ್ಲ ಮತ್ತು ಶೇಂಗಾ ಜೊತೆಗಿರಲಿ. ಬಂಡೆಗಳ ಮೇಲೆ ಹೆಸರು ಗೀಚಬೇಡಿ, ಆ ಕೆಲಸ ಚಪಡ ಆಗಲೇ ಮಾಡಿ ಮುಗಿಸಿದ್ದಾನೆ. ಮಕ್ಕಳನ್ನು ಕರೆದುಕೊಂಡು ಹೋಗಿ. ದಾರಿಯಲ್ಲಿ ಅವರಿಗೆ ಹೇಳುವುದನ್ನು ಕೊಂಚ ಕಡಿಮೆ ಮಾಡಿ.